ಹಳೇ ಸ್ಟೀಲ್ ಸೈಕಲ್ ಕಟ್ಟುವುದು, ಜೊತೆಗೆ ಅದಕ್ಕೊಂದು ಡಿಜೆ ಮಿಕ್ಸ್

ಹಳೇ ಸೈಕಲ್ ಕಟ್ಟುವುದೆಂದರೆ ಅರ್ಧ ಕೆಲಸ, ಇನ್ನರ್ಧ ಕಾಯುವುದು. ತುಕ್ಕು ಹಿಡಿದು ಕೂತ ಸೀಟ್ ಪೋಸ್ಟಿನ ಬುಡಕ್ಕೆ ಎಣ್ಣೆ ಬಿಟ್ಟರೆ ಅದು ಒಳಗಿಳಿಯಲು ಒಂದೆರಡು ದಿನ ಹಿಡಿಯುತ್ತದೆ. ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ನೆನೆಹಾಕಿದ ನಟ್ಟು ಬೋಲ್ಟುಗಳು ರಾತ್ರಿಯಿಡೀ ಅಲ್ಲೇ ಬಿದ್ದಿರಬೇಕು. ಆ ಹೊತ್ತಿನಲ್ಲಿ ಕೈ ಸುಮ್ಮನಿರದೆ ಸುತ್ತಿಗೆ ಎತ್ತಿಕೊಳ್ಳುವವರೇ ಹೆಚ್ಚು. ಫ್ರೇಮ್ ಹಾಳಾಗುವುದೂ ಆಗಲೇ. ಅದಕ್ಕೇ ಇಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಇಟ್ಟಿದ್ದೇನೆ. 1970–80ರ ದಶಕದ ಒಂದು ರೋಡ್ ಸೈಕಲ್ಲನ್ನು ಬಿಚ್ಚಿ ಮತ್ತೆ ಕಟ್ಟುವುದು, ಎಣ್ಣೆ ಇಳಿಯುವ ಹೊತ್ತಿನಲ್ಲಿ ಅದೇ ಕಾಲದ ಹಿಪ್‌ಹಾಪ್, ಡಿಸ್ಕೊ, ಹೌಸ್ (ಡ್ರಮ್ ಯಂತ್ರಗಳ ಮೇಲೆ ಕಟ್ಟಿದ ಕುಣಿತದ ಸಂಗೀತ) ಹಾಡುಗಳನ್ನು ಸೇರಿಸಿ ಒಂದು ಮಿಕ್ಸ್ ಮಾಡುವುದು. ಗ್ರೀಸ್ ಮೆತ್ತಿದ ಕೈಯಲ್ಲಿ ಫೋನ್ ಮುಟ್ಟಿ ಹಾಡು ಬದಲಿಸಲಾಗದು. ಒಂದೂವರೆ ಗಂಟೆ ತಾನಾಗಿ ಓಡುವ ಮಿಕ್ಸ್ ಇದ್ದರೆ ಕೆಲಸಕ್ಕೂ ಒಳ್ಳೆಯದು.

ಎರಡರಲ್ಲೂ ನೀವು ಮಾಡುವುದು ಒಂದೇ: ಬೇರೆ ಬೇರೆ ಕಡೆ, ಬೇರೆ ಬೇರೆ ಅಳತೆಗೆ ತಯಾರಾದದ್ದನ್ನು ಕೂಡಿಸುವುದು. ಅಳತೆ ತಿಳಿಯದೆ ಕೂಡಿಸಲು ಹೋದರೆ ಸೈಕಲ್ಲಿನಲ್ಲಿ ಥ್ರೆಡ್ ಹೋಗುತ್ತದೆ, ಮಿಕ್ಸಿನಲ್ಲಿ ತಾಳ ಹೋಗುತ್ತದೆ.

ಫ್ರೇಮ್ ಆರಿಸುವುದು

ಬಣ್ಣ ನೋಡಿ ಮರುಳಾಗಬೇಡಿ, ಕೊಳೆ ನೋಡಿ ಹೆದರಲೂಬೇಡಿ. ಮೊದಲು ಮುಂಭಾಗದ ಹೆಡ್ ಟ್ಯೂಬಿನ ಹಿಂದೆ, ಮೇಲಿನ ಕೊಳವೆ ಮತ್ತು ಇಳಿಜಾರಿನ ಕೊಳವೆ ಎರಡರ ಅಡಿಭಾಗದಲ್ಲಿ ಬೆರಳು ಆಡಿಸಿ. ಸೈಕಲ್ ಎಂದಾದರೂ ಎದುರಿನಿಂದ ಗುದ್ದಿದ್ದರೆ ಅಲ್ಲಿ ಸಣ್ಣ ಉಬ್ಬೋ ಸುಕ್ಕೋ ಸಿಗುತ್ತದೆ. ಕಣ್ಣಿಗೆ ಕಾಣದ್ದೂ ಬೆರಳಿಗೆ ಗೊತ್ತಾಗುತ್ತದೆ. ಬಣ್ಣ ಅಡ್ಡಗೆರೆಯಾಗಿ ಬಿರಿದಿದ್ದರಂತೂ ಅನುಮಾನವೇ ಬೇಡ, ಬಿಟ್ಟು ಬನ್ನಿ. ಆಮೇಲೆ ಪಕ್ಕದಿಂದ ನಿಂತು ಫೋರ್ಕ್ ನೋಡಿ. ಫೋರ್ಕಿನ ಮೇಲ್ಭಾಗದ ನೇರ ಗೆರೆ ಹೆಡ್ ಟ್ಯೂಬಿನ ಗೆರೆಯನ್ನೇ ಮುಂದುವರಿಸಬೇಕು. ಹಿಂದಕ್ಕೆ ತಳ್ಳಿದಂತಿದ್ದರೆ ಅದೂ ಗುದ್ದಿದ ಗುರುತೇ.

ಫ್ರೇಮ್ ಸೊಟ್ಟಗಿದೆಯೇ ಎಂದು ನೋಡಲು ಒಂದು ದಾರ ಸಾಕು. ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳಿಗೆ ಒಂದು ಬದಿಯಲ್ಲಿ ದಾರ ಕಟ್ಟಿ, ಹೆಡ್ ಟ್ಯೂಬಿನ ಮುಂದೆ ಸುತ್ತಿಸಿ, ಇನ್ನೊಂದು ಬದಿಯ ಸೀಳಿಗೆ ಬಿಗಿಯಾಗಿ ಎಳೆದು ಕಟ್ಟಿ. ದಾರಕ್ಕೂ ಸೀಟ್ ಟ್ಯೂಬಿಗೂ ನಡುವಿನ ಅಂತರವನ್ನು ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 1–2 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ.

ರೆನಾಲ್ಡ್ಸ್ 531, ಕೊಲಂಬಸ್ ಎಂಬ ಕೊಳವೆ ತಯಾರಕರ ಸ್ಟಿಕ್ಕರ್ ಇದ್ದರೆ ಒಳ್ಳೆಯ ಕೊಳವೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. 1935ರಲ್ಲಿ ಬಂದ ರೆನಾಲ್ಡ್ಸ್ 531 ದಶಕಗಳ ಕಾಲ ರೇಸ್ ಸೈಕಲ್ಲುಗಳ ಕೊಳವೆಯಾಗಿತ್ತು. ಆದರೆ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಸೀಟ್ ಪೋಸ್ಟ್ ತೆಗೆದು ಅದರ ವ್ಯಾಸ ಅಳೆದರೆ ಹೆಚ್ಚು ನಂಬಬಹುದಾದ ಉತ್ತರ ಸಿಗುತ್ತದೆ. 27.2 ಮಿ.ಮೀ. ಇದ್ದರೆ ಸೀಟ್ ಟ್ಯೂಬಿನ ಗೋಡೆ ತೆಳು, ಅಂದರೆ ಸಾಮಾನ್ಯವಾಗಿ ಒಳ್ಳೆಯ ಉಕ್ಕು. 25.4 ಅಥವಾ 26ರ ಆಸುಪಾಸಿನಲ್ಲಿದ್ದರೆ ಗೋಡೆ ದಪ್ಪ, ಸೈಕಲ್ ಭಾರ. ಭಾರದ ಫ್ರೇಮೂ ಓಡುತ್ತದೆ, ಆದರೆ ಅದಕ್ಕೆ ರೇಸ್ ಫ್ರೇಮಿನ ಬೆಲೆ ಕೊಡಬೇಕಿಲ್ಲ.

ಕೊಳ್ಳುವ ಮುಂಚೆ ಸೀಟ್ ಪೋಸ್ಟ್ ಮತ್ತು ಹ್ಯಾಂಡಲ್ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಕೂಡಿಸುವ ತುಂಡು) ಅಲ್ಲಾಡುತ್ತವೆಯೇ ಎಂದು ನೋಡುವುದನ್ನು ಮರೆಯಬೇಡಿ. ಉಕ್ಕಿನ ಕೊಳವೆಯೊಳಗೆ ವರ್ಷಗಟ್ಟಲೆ ಕೂತ ಅಲ್ಯೂಮಿನಿಯಂ ಬೆಸುಗೆ ಹಾಕಿದಂತೆ ಹಿಡಿದುಬಿಡುತ್ತದೆ.

ಕ್ಯಾಲಿಪರ್ ಹಿಡಿದು ಕೂರಿ

ಬಿಡಿಭಾಗ ಹುಡುಕುವ ಮೊದಲೇ ಕ್ಯಾಲಿಪರಿನಲ್ಲಿ (ವ್ಯಾಸ, ಅಗಲ ಅಳೆಯುವ ಸಾಧನ) ಅಳೆದು ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ. ಈ ಹಾಳೆಯೇ ಮುಂದಿನ ಎಲ್ಲ ಖರೀದಿಗೂ ಆಧಾರ.

ಪೆಡಲ್ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ ಅತಿ ಹೆಚ್ಚು ಕಾಟ ಕೊಡುವ ಜಾಗ. ಆ ಕೊಳವೆಯ ಅಗಲ 68 ಮಿ.ಮೀ. ಇದ್ದರೆ ಬಹುಪಾಲು ಇಂಗ್ಲಿಷ್ ಥ್ರೆಡ್, 70 ಇದ್ದರೆ ಇಟಾಲಿಯನ್. ಇಂಗ್ಲಿಷ್‌ನಲ್ಲಿ ಚೈನ್ ಇರುವ ಬಲಬದಿಯ ಕಪ್ ಉಲ್ಟಾ ಥ್ರೆಡ್ಡಿನದು. ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಬೇಕು. ಇಟಾಲಿಯನ್‌ನಲ್ಲಿ ಎರಡೂ ಬದಿ ಮಾಮೂಲಿ ಥ್ರೆಡ್. ಹಳೇ ಫ್ರೆಂಚ್ ಸೈಕಲ್ಲಾದರೆ ಅಗಲ 68 ಇದ್ದರೂ ಥ್ರೆಡ್ 35×1 ಮಿ.ಮೀ., ಇಂಗ್ಲಿಷ್ ಕಪ್ ಅದಕ್ಕೆ ಕೂರದು. ಮೊದಲ ಎರಡು ಸುತ್ತು ಬೆರಳಲ್ಲೇ ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ. ಕಪ್ ಹೋದರೆ ಇನ್ನೊಂದು ತರಬಹುದು, ಫ್ರೇಮಿನ ಥ್ರೆಡ್ ಹೋದರೆ ಕೆಲಸ ದೊಡ್ಡದು.

ಹಿಂದಿನ ಫೋರ್ಕಿನ ಒಳ ಅಗಲ ಐದು ಗೇರಿನ ಕಾಲದ್ದಾದರೆ 120 ಮಿ.ಮೀ., ಆರು–ಏಳು ಗೇರಿನದಾದರೆ 126. ಈಗಿನ ರೋಡ್ ಚಕ್ರಗಳಿಗೆ ಕನಿಷ್ಠ 130 ಬೇಕು. 126 ಇರುವ ಉಕ್ಕಿನ ಫ್ರೇಮ್ ಕೈಯಿಂದ ಎರಡೆರಡು ಮಿ.ಮೀ. ಅಗಲಿಸಿದರೆ 130ರ ಚಕ್ರವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. 120ರದಕ್ಕೆ ಹಾಗೆ ಮಾಡಬೇಡಿ. ಬಲ್ಲವರಿಂದ ಬಗ್ಗಿಸಿ ಸರಿಮಾಡಿಸಬೇಕು, ಇಲ್ಲವೇ ಹಳೇ ಅಳತೆಯ ಚಕ್ರವನ್ನೇ ಹುಡುಕಬೇಕು.

ಚಕ್ರದ ಅಳತೆಯನ್ನು ಟಯರಿನ ಮೇಲೆ ಬರೆದಿರುತ್ತದೆ. 27 ಇಂಚಿನ ರಿಮ್ಮಿನಲ್ಲಿ ಟಯರ್ ಕೂರುವ ವ್ಯಾಸ 630 ಮಿ.ಮೀ., 700ಸಿ ಎಂಬುದರಲ್ಲಿ 622. ಕೇಳಲು ಹೆಚ್ಚೂ ಕಡಿಮೆ ಒಂದೇ ಅನ್ನಿಸಿದರೂ ಒಂದರ ಟಯರ್ ಇನ್ನೊಂದಕ್ಕೆ ಆಗದು. 27 ಇಂಚಿನ ಸೈಕಲ್ಲಿಗೆ 700ಸಿ ಚಕ್ರ ಹಾಕುವುದಾದರೆ ಬ್ರೇಕಿನ ರಬ್ಬರ್ 4 ಮಿ.ಮೀ. ಕೆಳಗೆ ಬರಬೇಕು. ಬ್ರೇಕಿನ ತೋಳಿನಲ್ಲಿ ಅಷ್ಟು ಜಾಗ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

ಸ್ಟೆಮ್ ಸಾಮಾನ್ಯವಾಗಿ 22.2 ಮಿ.ಮೀ., ಫ್ರೆಂಚ್ ಆದರೆ 22.0. ಹ್ಯಾಂಡಲ್ ಹಿಡಿಯುವ ಜಾಗ 25.4, 26.0, ಚಿನೆಲ್ಲಿ ಎಂಬ ಇಟಾಲಿಯನ್ ಕಂಪನಿಯ ಹಳೇದಾದರೆ 26.4. ಅರ್ಧ ಮಿ.ಮೀ. ಎಂದು ಉದಾಸೀನ ಮಾಡುವ ಜಾಗ ಇದಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ನಿಮ್ಮ ಇಡೀ ಭಾರ ಇದೇ ಕ್ಲಾಂಪಿನ ಮೇಲೆ ಬೀಳುತ್ತದೆ.

ಬಿಚ್ಚುವುದು

ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕೇಬಲ್ ಯಾವುದರ ಹಿಂದಿನಿಂದ ಹಾದಿತ್ತು ಎಂಬುದು ಎರಡು ವಾರದ ನಂತರ ಯಾರಿಗೂ ನೆನಪಿರುವುದಿಲ್ಲ. ಎಡ ಪೆಡಲ್ ಕೂಡ ಉಲ್ಟಾ ಥ್ರೆಡ್ಡಿನದೇ. ಎರಡೂ ಪೆಡಲುಗಳನ್ನು ಸೈಕಲ್ಲಿನ ಹಿಂಭಾಗದತ್ತ ತಿರುಗಿಸಿದರೆ ಬಿಚ್ಚುತ್ತವೆ ಎಂದು ನೆನಪಿಟ್ಟರೆ ಸಾಕು (ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರಲಿ). ಸ್ಟೆಮ್ಮಿನ ಬೋಲ್ಟನ್ನು ಪೂರ್ತಿ ತೆಗೆಯಬೇಡಿ. ಎರಡು ಮೂರು ಸುತ್ತು ಸಡಿಲಿಸಿ, ಮೇಲೊಂದು ಮರದ ತುಂಡಿಟ್ಟು ಸುತ್ತಿಗೆಯಿಂದ ಕುಟ್ಟಿ. ಒಳಗಿನ ಬೆಣೆ ಕೆಳಗಿಳಿದಾಗ ಹ್ಯಾಂಡಲ್ ತಾನಾಗಿ ಸಡಿಲವಾಗುತ್ತದೆ.

ಫ್ರೀವೀಲ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪಿನ ವಿಷಯದಲ್ಲಿ ಒಂದು ಎಚ್ಚರ. ರಿಮ್ ಹಾಳಾಗಿದೆ, ಹಬ್ ಮಾತ್ರ ಉಳಿಸಿಕೊಳ್ಳೋಣ ಎಂದು ಕಡ್ಡಿಗಳನ್ನು ಮೊದಲೇ ಕತ್ತರಿಸಿಬಿಟ್ಟರೆ ಫ್ರೀವೀಲ್ ಬಿಚ್ಚಲು ಹಿಡಿತವೇ ಇರುವುದಿಲ್ಲ. ಅದು ಪ್ರತಿ ಪೆಡಲ್ ತುಳಿತಕ್ಕೂ ಬಿಗಿಯಾಗುತ್ತಾ ಬಂದ ವಸ್ತು. ಚಕ್ರ ಪೂರ್ತಿ ಇರುವಾಗಲೇ, ಆ ಕಂಪನಿಯ ಹಲ್ಲಿಗೆ ಸರಿಹೊಂದುವ ಫ್ರೀವೀಲ್ ಟೂಲನ್ನು ವೈಸಿನಲ್ಲಿ ಕಚ್ಚಿಸಿ, ಬಸ್ಸಿನ ಸ್ಟಿಯರಿಂಗ್ ತಿರುಗಿಸಿದಂತೆ ಇಡೀ ಚಕ್ರವನ್ನೇ ಎಡಕ್ಕೆ ತಿರುಗಿಸಿ.

ಕೂತುಹೋದ ಸೀಟ್ ಪೋಸ್ಟಿಗೆ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಸೈಕಲ್ಲನ್ನು ತಲೆಕೆಳಗಾಗಿಟ್ಟು ಬಾಟಮ್ ಬ್ರಾಕೆಟ್ಟಿನ ಕಡೆಯಿಂದಲೂ ಬಿಡಿ. ತುಕ್ಕಿನ ಸಣ್ಣ ಭಾಗಗಳಿಗೆ ಆಕ್ಸಾಲಿಕ್ ಆಸಿಡ್ ನೀರು ಸಾಕು. ಅದು ವಿಷ, ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿಡಿ, ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬೇಡಿ. ಕ್ರೋಮಿನ ಮೇಲಿನ ತುಕ್ಕನ್ನು ಮುದ್ದೆ ಮಾಡಿದ ಅಲ್ಯೂಮಿನಿಯಂ ಫಾಯಿಲ್ ನೀರಲ್ಲದ್ದಿ ತಿಕ್ಕಿದರೇ ಹೋಗುತ್ತದೆ. ಫ್ರೇಮಿಗೆ ಹೊಸ ಬಣ್ಣ ಹೊಡೆಸುವುದು ನನಗೆ ಇಷ್ಟವಿಲ್ಲ. ಮೂಲ ಬಣ್ಣ, ಅದರ ಮೇಲಿನ ಗೀರು, ಹಳೇ ಅಕ್ಷರ ಇವೆಲ್ಲ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಎಣ್ಣೆ ಇಳಿಯುವವರೆಗೆ: ಮಿಕ್ಸ್

ಎರಡು ಟರ್ನ್‌ಟೇಬಲ್ ಇದ್ದರೆ ಸರಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಮತ್ತು ಸಣ್ಣ ಕಂಟ್ರೋಲರ್ ಆದರೂ ನಡೆಯುತ್ತದೆ. ಹಾಡುಗಳನ್ನು ಆರಿಸುವಾಗ ಇಷ್ಟದ ಹಾಡುಗಳ ಪಟ್ಟಿ ಮಾಡುವುದು ಸುಲಭ. ವೇಗದ ಪಟ್ಟಿ ಮಾಡಿಕೊಳ್ಳುವುದೇ ನಿಜವಾದ ಕೆಲಸ. 64 ಬೀಟ್‌ಗಳಿಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಸ್ಟಾಪ್‌ವಾಚಿನಲ್ಲಿ ನೋಡಿ, 3840ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆಷ್ಟು ಬೀಟ್ ಎಂದು ಸಿಗುತ್ತದೆ. 32 ಸೆಕೆಂಡ್ ಆದರೆ 120. ವಾಚ್ ಒತ್ತಿದ ಬೀಟನ್ನು ಸೊನ್ನೆ ಎಂದು ಎಣಿಸಬೇಕು, ಒಂದು ಎಂದಲ್ಲ. ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕುತ್ತದೆ ನಿಜ, ಆದರೆ 1970ರ ದಶಕದ ಡಿಸ್ಕೊದಲ್ಲಿ ಡ್ರಮ್ ಬಾರಿಸಿದ್ದು ಮನುಷ್ಯರು. ಕೋರಸ್ ಬಂದಾಗ ಸ್ವಲ್ಪ ಓಡುತ್ತಾರೆ, ಆಮೇಲೆ ನಿಧಾನವಾಗುತ್ತಾರೆ. ಸಾಫ್ಟ್‌ವೇರಿನ ನೇರ ಗೆರೆಗಳು ಅಲ್ಲಿ ಜಾರುತ್ತವೆ. ರೋಲ್ಯಾಂಡ್ ಕಂಪನಿಯ ಡ್ರಮ್ ಯಂತ್ರಗಳಾದ ಟಿಆರ್-808 1980ರಲ್ಲಿ, ಟಿಆರ್-909 1983ರಲ್ಲಿ ಬಂದವು. ಇಂಥ ಯಂತ್ರಗಳ ಮೇಲೆ ಕಟ್ಟಿದ ಹೌಸ್ ಹಾಡುಗಳಲ್ಲಿ ಈ ತೊಂದರೆಯಿಲ್ಲ, ಶುರುವಿನಿಂದ ಕೊನೆವರೆಗೆ ಒಂದೇ ವೇಗ. ಮಿಕ್ಸಿಂಗ್ ಕಲಿಯುವವರು ಹೌಸ್‌ನಿಂದ ಶುರುಮಾಡಿ, ಡಿಸ್ಕೊಗೆ ಆಮೇಲೆ ಬನ್ನಿ ಎನ್ನುವುದು ಇದಕ್ಕೇ.

ಈ ಮೂರು ಬಗೆಯ ಸಂಗೀತದ ವೇಗ ಸ್ಥೂಲವಾಗಿ ಹೀಗಿದೆ: ಹಿಪ್‌ಹಾಪ್ 85ರಿಂದ 105, ಡಿಸ್ಕೊ 110ರಿಂದ 130, ಹಳೇ ಹೌಸ್ 118ರಿಂದ 126. ಡಿಜೆಗಳ ಮೆಚ್ಚಿನ ಟರ್ನ್‌ಟೇಬಲ್ ಟೆಕ್ನಿಕ್ಸ್ ಎಸ್‌ಎಲ್-1200 ಮೊದಲು ಬಂದದ್ದು 1972ರಲ್ಲಿ. 1979ರ ಎಂಕೆ2 ಮಾದರಿಯಲ್ಲಿ ಬಂದ ಪಿಚ್ ಸ್ಲೈಡರ್ (ವೇಗ ಏರಿಸಿ ಇಳಿಸುವ ಜಾರುಗುಂಡಿ) 8 ಶೇಕಡಾದಷ್ಟು ಮೇಲೆ ಕೆಳಗೆ ಹೋಗುತ್ತದೆ. 100ರ ಹಾಡನ್ನು ಪೂರ್ತಿ ಮೇಲೇರಿಸಿದರೂ 108. ಜೊತೆಗೆ 6 ಶೇಕಡಾ ಏರಿಸಿದರೆ ಶ್ರುತಿಯೂ ಸುಮಾರು ಅರ್ಧ ಸ್ವರದಷ್ಟು (ಒಂದು ಸೆಮಿಟೋನ್) ಮೇಲೇರುತ್ತದೆ, ಹಾಡುವವರ ದನಿ ಕೀರಲಾಗುತ್ತದೆ. ನನ್ನ ಮಟ್ಟಿಗೆ 4 ಶೇಕಡಾ ದಾಟಬಾರದು. ಅಂದಮೇಲೆ 92ರ ಹಿಪ್‌ಹಾಪಿನಿಂದ 122ರ ಹೌಸ್‌ಗೆ ನೇರ ಸೇತುವೆ ಇಲ್ಲ.

ಸೇತುವೆ ಚರಿತ್ರೆಯಲ್ಲೇ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನೇ ಹಿಪ್‌ಹಾಪಿನ ಹುಟ್ಟು ಎನ್ನುತ್ತಾರೆ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಡ್ರಮ್ ಮಾತ್ರ ಉಳಿಯುವ ಬ್ರೇಕನ್ನು ಮತ್ತೆ ಮತ್ತೆ ಮುಂದುವರಿಸುವುದು ಅವರ ಕೈಚಳಕ. ಆದರೆ ರಾಪ್ ರೆಕಾರ್ಡಿಗೆ ಇಳಿದದ್ದು 1979ರಲ್ಲಿ, ಡಿಸ್ಕೊ ಜೋರಾಗಿದ್ದಾಗ. ಆ ಮೊದಲ ವರ್ಷಗಳ ರಾಪ್ ಹಾಡುಗಳಲ್ಲಿ ಹಿಂದೆ ನುಡಿಸುವವರು ಡಿಸ್ಕೊ ಬ್ಯಾಂಡಿನವರೇ, ವೇಗ 105–112ರ ಸುತ್ತಮುತ್ತ. ಈ ಹಾಡುಗಳು ಎರಡು ದಡಕ್ಕೂ ಸೇರಿದವು. ಆದ್ದರಿಂದ ಮಿಕ್ಸಿನ ಓಟ ಹೀಗಿರಲಿ: 90–100ರ ಹಿಪ್‌ಹಾಪ್, 105–112ರ ಹಳೇ ರಾಪ್ ಮತ್ತು ನಿಧಾನದ ಫಂಕ್, 114–120ರ ಡಿಸ್ಕೊ, ಆಮೇಲೆ 120–124ರ ಹೌಸ್. ಪ್ರತಿ ಹೆಜ್ಜೆಗೆ ಎರಡು ಮೂರು ಬೀಟ್ ಏರಿದರೆ ಕೇಳುವವರಿಗೆ ಏರಿದ್ದೇ ಗೊತ್ತಾಗುವುದಿಲ್ಲ. ಒಂದು ತಮಾಷೆ ಲೆಕ್ಕವೂ ಇದೆ: 33⅓ ಆರ್‌ಪಿಎಂನ ತಟ್ಟೆಯನ್ನು 45ರಲ್ಲಿ ಓಡಿಸಿದರೆ ವೇಗ 1.35 ಪಟ್ಟು, 92ರದ್ದು ಸರಿಯಾಗಿ 124ಕ್ಕೆ ಬಂದು ಕೂರುತ್ತದೆ. ದನಿಯಿರುವ ಹಾಡಿಗೆ ಇದು ಆಗದು, ಬರೀ ಡ್ರಮ್ ಇರುವ ತುಣುಕಿಗೆ ಚೆನ್ನಾಗಿರುತ್ತದೆ.

ಎಲ್ಲಿ ಕೂಡಿಸಬೇಕು? ನಾಲ್ಕು ಬೀಟಿಗೆ ಒಂದು ಬಾರ್, ಎಂಟು ಬಾರ್ ಅಂದರೆ 32 ಬೀಟ್. ಈ ಸಂಗೀತದಲ್ಲಿ ಹೊಸದೇನಾದರೂ ಬಂದರೆ, ಪಿಟೀಲಾಗಲಿ ದನಿಯಾಗಲಿ ತಾಳದ ಚಪ್ಪಾಳೆಯಾಗಲಿ, ಹೆಚ್ಚಾಗಿ ಈ 32ರ ಗಡಿಯಲ್ಲೇ ಬರುತ್ತದೆ. ಓಡುತ್ತಿರುವ ಹಾಡಿನ 32ರ ಮೊದಲ ಬೀಟಿಗೆ ಹೊಸ ಹಾಡಿನ ಮೊದಲ ಬೀಟನ್ನು ಬಿಡಿ. 1970ರ ದಶಕದ ಮಧ್ಯದಲ್ಲಿ ಬಂದ 12 ಇಂಚಿನ ಸಿಂಗಲ್ಲುಗಳನ್ನೇ ಹುಡುಕಿ. ಡಿಜೆಗಳಿಗೆಂದೇ ಶುರುವಿನಲ್ಲೂ ನಡುವೆಯೂ ಉದ್ದಕ್ಕೆ ತಾಳ ಮಾತ್ರ ಬಿಟ್ಟಿರುತ್ತಾರೆ. ಟಾಮ್ ಮೌಲ್ಟನ್‌ನಂಥವರು ಹಾಡನ್ನು ಹೀಗೆ ಎಳೆದು ಉದ್ದ ಮಾಡುವುದನ್ನೇ ಒಂದು ಕಸುಬಾಗಿಸಿದರು.

ಎರಡು ಹಾಡು ಒಟ್ಟಿಗೆ ಓಡುವಾಗ ಹೊಸದರ ಬೇಸ್ ಪೂರ್ತಿ ಇಳಿಸಿಡಿ. ಎರಡು ಬೇಸ್ ಸೇರಿದರೆ ಕೇಳುವುದು ಗೊಜಗೊಜ ಮಾತ್ರ. ಮುಂದಿನ 32ರ ಗಡಿಗೆ ಹಳೆಯದರ ಬೇಸ್ ಇಳಿಸಿ, ಅದೇ ಕ್ಷಣಕ್ಕೆ ಹೊಸದರದ್ದು ಏರಿಸಿ. ತಾಳ ಜಾರುತ್ತಿದೆಯೇ ಎಂದು ತಿಳಿಯಲು ಹೈ-ಹ್ಯಾಟ್ ಕೇಳಿ. ‘ಚ್’ ಎಂದು ಒಂದೇ ಸದ್ದು ಬರುವ ಬದಲು ‘ಚ-ಚ್’ ಎಂದು ಎರಡಾಗಿ ಕೇಳಿಸಿತೆಂದರೆ ಒಂದು ಹಾಡು ಹಿಂದೆ ಬಿದ್ದಿದೆ. ತಟ್ಟೆಯ ಅಂಚಿಗೆ ಬೆರಳು ಸೋಕಿಸಿ ತಡೆಯಿರಿ, ಇಲ್ಲವೇ ಲೇಬಲ್ ಮೇಲೆ ಬೆರಳಿಟ್ಟು ತಳ್ಳಿ. ಡಿಸ್ಕೊದಿಂದ ಡಿಸ್ಕೊಗೆ ಹೋಗುವಾಗ ಎಂಟು ಬಾರ್‌ಗಳಿಗಿಂತ ಉದ್ದ ಒಟ್ಟಿಗೆ ಓಡಿಸಬೇಡಿ; ಹಿಪ್‌ಹಾಪಿನಲ್ಲಂತೂ ಒಂದೇ ಏಟಿಗೆ ಕತ್ತರಿಸುವುದೇ ಚೆಂದ. ರೆಕಾರ್ಡ್ ಮಾಡುವಾಗ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ.

ಒಳ್ಳೆಯ ಮಿಕ್ಸ್ ಕೇಳಿ ಕಲಿಯಬೇಕೆಂದರೆ 1977ರಿಂದ 1987ರವರೆಗೆ ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್‌ನಲ್ಲಿ ನುಡಿಸುತ್ತಿದ್ದ ಲ್ಯಾರಿ ಲೆವಾನ್, ಅದೇ 1977ರಲ್ಲಿ ನ್ಯೂಯಾರ್ಕಿನಿಂದ ಷಿಕಾಗೊಗೆ ಹೋಗಿ ವೇರ್‌ಹೌಸ್ ಕ್ಲಬ್ಬಿನಲ್ಲಿ ಹೌಸ್ ಸಂಗೀತಕ್ಕೆ ತಳಪಾಯ ಹಾಕಿದ ಫ್ರಾಂಕಿ ನಕಲ್ಸ್, ಇವರಿಬ್ಬರ ರೆಕಾರ್ಡಿಂಗುಗಳಿಂದ ಶುರುಮಾಡಿ. ಲೆವಾನ್‌ರ ಮಿಕ್ಸಿಂಗ್ ಅಷ್ಟು ನುಣುಪಲ್ಲ. ಯಾವ ಹಾಡಿನ ನಂತರ ಯಾವುದು ಎಂಬ ಆಯ್ಕೆ ಮಾತ್ರ ಅಪ್ಪಟ. ಅದನ್ನು ಗಮನಿಸಿ.

ಬೇರಿಂಗ್ ಮತ್ತು ಚಕ್ರ

ಸೀಟ್ ಪೋಸ್ಟ್ ಬಂದಿತೆಂದರೆ ಕಷ್ಟ ಕಳೆಯಿತು. ಹಬ್, ಹೆಡ್‌ಸೆಟ್ (ಹೆಡ್ ಟ್ಯೂಬಿನಲ್ಲಿ ಫೋರ್ಕ್ ತಿರುಗುವ ಬೇರಿಂಗ್), ಬಾಟಮ್ ಬ್ರಾಕೆಟ್ ಮೂರನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಕಪ್ ಮತ್ತು ಕೋನ್‌ಗಳಲ್ಲಿ ಬಾಲ್ಸ್ ಓಡಿದ ಗೆರೆ ಹೊಳೆಯುತ್ತಿದ್ದರೆ ಸರಿ. ಉಗುರಿನ ತುದಿಗೆ ಗುಳಿ ಸಿಕ್ಕರೆ ಆ ಕೋನ್ ಬದಲಿಸಲೇಬೇಕು, ಎಷ್ಟು ಗ್ರೀಸ್ ತುಂಬಿದರೂ ಪ್ರಯೋಜನವಿಲ್ಲ. ಬಾಲ್ಸ್ ಯಾವಾಗಲೂ ಹೊಸದನ್ನೇ ಹಾಕಿ. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ 3/16 ಇಂಚು, ಹಿಂದಿನದಕ್ಕೆ 1/4 ಇಂಚಿನವು ಬದಿಗೆ 9, ಬಾಟಮ್ ಬ್ರಾಕೆಟ್ಟಿಗೆ 1/4 ಇಂಚಿನವು ಬದಿಗೆ 11, ಹೆಡ್‌ಸೆಟ್ಟಿಗೆ 5/32. ಕೋನ್ ಬಿಗಿಸುವಾಗ ಮಿಕ್ಸ್ ನಿಲ್ಲಿಸಿ. ಆಕ್ಸಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಾಗ ಮರಳು ತಿಕ್ಕಿದಂಥ ಸದ್ದು ಬಂದರೆ ಬಿಗಿ ಹೆಚ್ಚಾಗಿದೆ, ಪಕ್ಕಕ್ಕೆ ಕಟಕಟ ಅಂದರೆ ಸಡಿಲ. ಇವೆರಡರ ನಡುವೆ ಸ್ಪ್ಯಾನರಿನ ಎಂಟನೇ ಒಂದು ಸುತ್ತಿನಷ್ಟು ಜಾಗ ಮಾತ್ರ ಇರುತ್ತದೆ.

ಚಕ್ರದ ಬೆಂಡ್ ತೆಗೆಯಲು ಸ್ಟ್ಯಾಂಡ್ ಇಲ್ಲದಿದ್ದರೆ ಸೈಕಲ್ಲನ್ನೇ ತಲೆಕೆಳಗಿಟ್ಟು ಬ್ರೇಕ್ ರಬ್ಬರನ್ನು ಗುರುತಾಗಿ ಬಳಸಿ. ರಿಮ್ ಎಡಕ್ಕೆ ಬಾಗಿದ ಕಡೆ ಬಲ ಹಬ್ಬಿನಿಂದ ಬಂದ ಕಡ್ಡಿಗಳನ್ನು ಕಾಲು ಸುತ್ತು ಬಿಗಿಸಿ, ಎಡದವನ್ನು ಅಷ್ಟೇ ಸಡಿಲಿಸಿ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ಬೇಡ. ನಿಪ್ಪಲ್ ತಿರುಗದಿದ್ದರೆ ಬಲ ಹಾಕದೆ ಒಂದು ಹನಿ ಎಣ್ಣೆ ಬಿಟ್ಟು ಕಾಯಿರಿ. ಕೊನೆಗೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ. ಒಂದೇ ಬದಿಯ ಕಡ್ಡಿಗಳು ಹೆಚ್ಚೂ ಕಡಿಮೆ ಒಂದೇ ಸ್ವರ ಕೊಡಬೇಕು. ಇದಕ್ಕೂ ಮಿಕ್ಸ್ ನಿಂತಿರಬೇಕು.

ಚೈನ್, ಬ್ರೇಕ್, ಓಡಿಸುವುದು

ಹಳೇ ಚೈನಿನಲ್ಲಿ 24 ಕೊಂಡಿಗಳ ಉದ್ದ ಅಳೆಯಿರಿ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ. ಸರಿಯಾಗಿ 12 ಇಂಚು ಇದ್ದರೆ ಇನ್ನೂ ಚೆನ್ನಾಗಿದೆ. 12 1/16 ಆದರೆ ಬದಲಿಸಿ. 12 1/8ಕ್ಕೆ ಬಂದಿದ್ದರೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ, ಹೊಸ ಚೈನ್ ಅದರ ಮೇಲೆ ಜಿಗಿಯುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಳೇ ಫ್ರಿಕ್ಷನ್ ಗೇರ್ ಲಿವರುಗಳನ್ನು ತೆಗೆದು ಹಾಕಬೇಡಿ. ಕ್ಲಿಕ್ ಕ್ಲಿಕ್ ಎಂದು ತಾನೇ ಕೂರುವ ಗೇರನ್ನು ಶಿಮಾನೊ 1984ರಲ್ಲಿ ತಂದಿತು. ಅದಕ್ಕೂ ಹಿಂದಿನ ಲಿವರಿಗೆ ಯಾವ ಕಂಪನಿಯ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಆದರೂ, ಎಷ್ಟು ಗೇರಿನ ಫ್ರೀವೀಲ್ ಆದರೂ ಸಾಮಾನ್ಯವಾಗಿ ನಡೆಯುತ್ತದೆ, ಕೈ ಮಾತ್ರ ಪಳಗಬೇಕು.

ಬ್ರೇಕಿನಲ್ಲಿ ಜಿಪುಣತನ ಬೇಡ. ಗಟ್ಟಿಯಾದ ಹಳೇ ರಬ್ಬರ್, ಹಳೇ ಕೇಬಲ್, ಹಳೇ ಕೇಬಲ್ ಹೊದಿಕೆ ಮೂರನ್ನೂ ಎಸೆಯಿರಿ. ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಒಂದು ಮಿ.ಮೀ.ನಷ್ಟು ಮೊದಲು ತಾಗುವಂತೆ ಕೂರಿಸಿದರೆ ಕಿರುಚುವುದಿಲ್ಲ. ಕ್ರೋಮ್ ಹಾಕಿದ ಉಕ್ಕಿನ ರಿಮ್ ಇದ್ದರೆ ಒದ್ದೆಯಲ್ಲಿ ಬ್ರೇಕ್ ಹಿಡಿಯುವುದೇ ಕಡಿಮೆ. ಮಳೆಯಲ್ಲಿ ಓಡಿಸುವವರು ಅಲ್ಯೂಮಿನಿಯಂ ರಿಮ್ಮಿಗೆ ಬದಲಿಸಲೇಬೇಕು.

ಹೊರಡುವ ಮುಂಚೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹೆಡ್‌ಸೆಟ್ಟಿನಲ್ಲಿ ಟಕ್ ಎಂದರೆ ಬಿಗಿಸಿ. ಮುಂದಿನ ಚಕ್ರವನ್ನು ಕಾಲುಗಳ ನಡುವೆ ಇಟ್ಟುಕೊಂಡು ಹ್ಯಾಂಡಲ್ ತಿರುಗಿಸಲು ನೋಡಿ, ತಿರುಗಬಾರದು. ಮೊದಲ ಓಟ ಮನೆಗೆ ನಡೆದು ಬರಬಹುದಾದಷ್ಟೇ ದೂರದ್ದಾಗಿರಲಿ, ಜೇಬಿನಲ್ಲಿ ಸ್ಪ್ಯಾನರ್ ಇರಲಿ. ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ಬೋಲ್ಟುಗಳು ಮೊದಲ 50 ಕಿ.ಮೀ. ಒಳಗೆ ಒಮ್ಮೆ ಸಡಿಲವಾಗಬಹುದು, ಬಿಗಿಸಿ. ಕಾಟರ್ ಪಿನ್ (ಕ್ರ್ಯಾಂಕನ್ನು ಆಕ್ಸಲಿಗೆ ಹಿಡಿಸುವ ಬೆಣೆ) ಇರುವ ಹಳೇ ಕ್ರ್ಯಾಂಕಾದರೆ ಪಿನ್ನನ್ನು ಒಂದೆರಡು ಏಟು ಹೊಡೆದು, ನಟ್ಟನ್ನು ಮತ್ತೆ ಬಿಗಿಸಬೇಕು. ಹೊಸದಾಗಿ ಬಿಗಿಸಿದ ಕಡ್ಡಿಗಳೂ ಅಷ್ಟರಲ್ಲಿ ಕೂತಿರುತ್ತವೆ, ಚಕ್ರವನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಬೆಂಡ್ ಬಂದಿದ್ದರೆ ತೆಗೆಯಿರಿ.